ಒಬ್ಬೊಬ್ಬರಿಗೆ ಒಂದೊಂದು ಮ್ಯಾಟ್ರಿಕ್ಸ್: ಗಣಿತದ ಕ್ವಿಜ್, ನನ್ನ ಅನುಭವ

ನಮ್ಮದು ತಾಲ್ಲೂಕಿನ ಡಿಗ್ರಿ ಕಾಲೇಜು. ಬಿ.ಎಸ್ಸಿ. ಗಣಿತಕ್ಕೆ ಅರವತ್ತು ಚಿಲ್ಲರೆ ಮಕ್ಕಳು. ಆನ್‌ಲೈನ್ ಕ್ವಿಜ್ ಶುರು ಮಾಡ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಹಿರಿಯ ಸರ್ ಒಬ್ಬರು ನಕ್ಕಿದ್ದರು. "ಮೇಡಂ, ಲೆಕ್ಕ ಬಿಳಿ ಹಾಳೆ ಮೇಲೆ ಬರೋದು, ಮೊಬೈಲಲ್ಲಿ ಅಲ್ಲ." ಈಗ ಅವರ ಸೆಕ್ಷನ್‌ಗೂ ನನ್ನ ಕ್ವಿಜ್ಜೇ ಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಗೂಗಲ್ ಫಾರ್ಮ್. ಲಿಂಕ್ ಕಳಿಸಿ ಹತ್ತು ನಿಮಿಷಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ "1-ಬಿ, 2-ಡಿ" ಅಂತ ಉತ್ತರ ಓಡಾಡುತ್ತಿತ್ತು. ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು. ಅದೇ ಮಕ್ಕಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಇಂಟರ್ನಲ್ಸ್‌ನಲ್ಲಿ ಡುಮ್ಕಿ ಹೊಡೆದರು. ಅದೂ ಅಲ್ಲದೆ ಇಂಟಿಗ್ರಲ್‌ಗೆ ನಾಲ್ಕು ಆಯ್ಕೆ ಕೊಟ್ಟರೆ ಜಾಣರು ಇಂಟಿಗ್ರೇಟ್ ಮಾಡುವುದೇ ಇಲ್ಲ. ಆಯ್ಕೆಗಳನ್ನು ಡಿಫರೆನ್ಶಿಯೇಟ್ ಮಾಡಿ ನೋಡಿ ಟಿಕ್ ಹಾಕುತ್ತಾರೆ. ನಾನೂ ಓದುವಾಗ ಹಾಗೇ ಮಾಡಿದ್ದೆ, ಬಿಡಿ.

ಆಮೇಲೆ ಮೂಡಲ್‌ಗೆ (ಆನ್‌ಲೈನ್ ಪಾಠ, ಕ್ವಿಜ್ ನಡೆಸುವ ತಂತ್ರಾಂಶ) ಸ್ಟ್ಯಾಕ್ ಹಾಕಿಕೊಂಡೆ. ಆಯ್ಕೆ ಕೊಡದೆ, ಮಕ್ಕಳು ಟೈಪ್ ಮಾಡಿದ ಗಣಿತದ ಉತ್ತರವನ್ನೇ ಪರೀಕ್ಷಿಸುವ ಪ್ಲಗಿನ್ ಅದು. ಎರಡೂ ಪುಕ್ಕಟೆ, ಆದರೆ ಸರ್ವರ್ ಪುಕ್ಕಟೆ ಅಲ್ವಲ್ಲ. ತಿಂಗಳಿಗೆ ನಾನೂರು ರೂಪಾಯಿಯ, 1 ಜಿಬಿ ರ‍್ಯಾಮ್‌ನ ಸರ್ವರ್ ತಗೊಂಡೆ. ಭಾನುವಾರ ರಾತ್ರಿ ಹನ್ನೆರಡಕ್ಕೆ ಕೊನೆ ಗಡುವು ಅಂದರೆ ಹನ್ನೊಂದೂವರೆಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಒಬ್ಬೊಬ್ಬರ ಉತ್ತರ ನೋಡಲೂ ಮ್ಯಾಕ್ಸಿಮಾ, ಅಂದರೆ ಸ್ಟ್ಯಾಕ್‌ನ ಹಿಂದೆ ಕೂತು ಲೆಕ್ಕ ಮಾಡುವ ತಂತ್ರಾಂಶ, ಏಳಬೇಕು. ಸರ್ವರ್ ಮಲಗಿತು. ಮೂರು ವಾರ ಹೀಗೇ ಆಗಿ ಕೊನೆಗೆ 4 ಜಿಬಿಗೆ ಹೋದೆ. ತಿಂಗಳಿಗೆ ಸಾವಿರದ ಆರುನೂರರ ಹತ್ತಿರ. ಆ ವರ್ಷ ಕೈಯಿಂದ ಹತ್ತಿರ ಹತ್ತಿರ ಹದಿನೈದು ಸಾವಿರ ಹೋಗಿರಬೇಕು, ಮನೆಯಲ್ಲಿ ಲೆಕ್ಕ ಪೂರ್ತಿ ಹೇಳಿಲ್ಲ. ನಿಜವಾದ ಮದ್ದು ದುಡ್ಡು ಖರ್ಚಾದ ಮೇಲೆ ಹೊಳೆಯಿತು: ಬ್ಯಾಚಿಗೊಂದು ಗಡುವು, ಅದೂ ಸಂಜೆ ಏಳಕ್ಕೆ. ಅದನ್ನು ಮೊದಲೇ ಮಾಡಿದ್ದರೆ ಅರ್ಧ ದುಡ್ಡು ಉಳಿಯುತ್ತಿತ್ತು.

ರ‍್ಯಾಂಡಮ್ ಅಂಕಿ ಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹೋದ ಮೇಲೆ ಕಾಪಿ ನಿಂತಿತು. ಆದರೆ ಅದೇ ನನ್ನನ್ನು ಒಮ್ಮೆ ಬೀಳಿಸಿತು. 1/((x−a)(x−b)) ಇಂಟಿಗ್ರೇಟ್ ಮಾಡಿ ಅಂತ ಕೊಟ್ಟಿದ್ದೆ. a, b ಎರಡೂ ಒಂದೇ ಬಂದರೆ ಏನು ಗತಿ ಅಂತ ಯೋಚಿಸಿರಲಿಲ್ಲ. ಇಬ್ಬರು ಹುಡುಗರಿಗೆ ಹಾಗೇ ಬಂತು. ನನ್ನ ಉತ್ತರದ ಸೂತ್ರದಲ್ಲಿ a−b ಕೆಳಗಿತ್ತು, ಸೊನ್ನೆಯಿಂದ ಭಾಗಿಸಲಾರೆ ಅಂತ ಮ್ಯಾಕ್ಸಿಮಾ ಕೈ ಎತ್ತಿತು. ಈಗ ರ‍್ಯಾಂಡಮ್ ಅನ್ನು ಸುಮ್ನೆ ನಂಬುವುದಿಲ್ಲ. ಒಂದು ಪ್ರಶ್ನೆಗೆ ಬೇರೆ ಬೇರೆ ಅಂಕಿಯ ಇಪ್ಪತ್ತು ವೇರಿಯಂಟ್ ತೆಗೆದು, ಒಂದೊಂದನ್ನೂ ಕಣ್ಣಾರೆ ನೋಡಿ, ಅಷ್ಟನ್ನು ಮಾತ್ರ ಡಿಪ್ಲಾಯ್ ಮಾಡುತ್ತೇನೆ, ಅಂದರೆ ಮಕ್ಕಳಿಗೆ ಬಿಡುತ್ತೇನೆ. ಐಗನ್ ವ್ಯಾಲ್ಯೂಗೆ (ಮ್ಯಾಟ್ರಿಕ್ಸ್ ಗುಣಿಸಿದಾಗ ಕೆಲವು ವೆಕ್ಟರ್‌ಗಳು ಎಷ್ಟು ಪಟ್ಟಾಗುತ್ತವೆ ಅನ್ನುವ ಅಂಕಿ) ಮ್ಯಾಟ್ರಿಕ್ಸ್ ಬೇಕಾದರೆ ಹಿಂದಿನಿಂದ ಬರುತ್ತೇನೆ: ಮೊದಲು ಐಗನ್ ವ್ಯಾಲ್ಯೂಗಳನ್ನು D ಅನ್ನುವ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ ಇಟ್ಟುಕೊಂಡು, P ಅನ್ನುವ ಇನ್ನೊಂದು ಮ್ಯಾಟ್ರಿಕ್ಸ್ ಆರಿಸಿ PDP⁻¹ ಮಾಡುವುದು. P ಅನ್ನು ಹೇಗೆ ಆರಿಸಿದರೆ ಅಂಕಿಗಳು ಚಿಕ್ಕದಾಗೇ ಉಳಿಯುತ್ತವೆ ಅನ್ನುವುದಕ್ಕೆ ನನ್ನದೊಂದು ಉಪಾಯ ಇದೆ, ಇಲ್ಲಿ ಹೇಳಲ್ಲ, ಎರಡು ದಿನ ಕೂತರೆ ನಿಮಗೂ ಸಿಗುತ್ತದೆ.

ಕೆಲಸ ಜಾಸ್ತಿ ತಿಂದದ್ದು ಟೈಪಿಂಗ್. 2*x ಬರೆಯಿರಿ ಅಂದರೆ 2x, sin(x)^2 ಅಂದರೆ sin^2x. ಮೊಬೈಲ್ ಕೀಬೋರ್ಡಿನಲ್ಲಿ ^ ಎಲ್ಲಿದೆ ಅಂತಲೇ ಅರ್ಧ ಕ್ಲಾಸಿಗೆ ಗೊತ್ತಿಲ್ಲ. ಗುಣಾಕಾರದ ನಕ್ಷತ್ರ (*) ತಾನೇ ಹಾಕಿಕೊಳ್ಳುವ ಸೆಟ್ಟಿಂಗ್ ಆನ್ ಮಾಡಿ, ಮೊದಲ ಕ್ವಿಜ್ ಅನ್ನು ಬರೀ ಟೈಪಿಂಗಿಗೇ ಇಟ್ಟೆ, ಗಣಿತ ಸೊನ್ನೆ. ಆಮೇಲೆ ಗೋಳು ನಿಂತಿತು.

ಮಧ್ಯೆ ಪ್ರಶ್ನೆಗಳನ್ನು ಪೂರ್ತಿ ಕನ್ನಡಕ್ಕೂ ತಂದು ನೋಡಿದೆ. "ಲಾಕ್ಷಣಿಕ ಮೌಲ್ಯ" ಅಂತ ಬರೆದರೆ ಕನ್ನಡ ಮೀಡಿಯಂ ಮಕ್ಕಳೇ "ಏನ್ ಮೇಡಂ ಇದು?" ಅಂದರು. ಈಗ ವಾಕ್ಯ ಕನ್ನಡ, ಪದ ಐಗನ್ ವ್ಯಾಲ್ಯೂ. ಯಾರು ಮುಂದೆ ಅಂತ ತೋರಿಸುವ ಪಟ್ಟಿಯನ್ನೂ ಹಾಕಿದ್ದೆ, ಹಿಂದಿದ್ದವರು ಕ್ವಿಜ್ ತೆರೆಯುವುದನ್ನೇ ಬಿಟ್ಟರು, ತೆಗೆದುಹಾಕಿದೆ.

ಅಂಕ ನಿಜವಾಗಿ ಏರಿದ್ದು ಹಳೇ ಇಂಟರ್ನಲ್ಸ್ ಬುಕ್‌ಲೆಟ್‌ಗಳಿಂದ. ಸ್ಟೋರ್ ರೂಮಿನಿಂದ ಒಂದು ಮೂಟೆ ಇಳಿಸಿ, ಯಾವ ಲೆಕ್ಕಕ್ಕೆ ಯಾವ ತಪ್ಪು ಮತ್ತೆ ಮತ್ತೆ ಬರುತ್ತದೆ ಅಂತ ಗುರುತು ಹಾಕಿದೆ. ಇಂಟಿಗ್ರೇಟ್ ಮಾಡಿ ಕೊನೆಗೆ ಕೂಡಿಸುವ ಸ್ಥಿರಾಂಕ C ಬಿಟ್ಟದ್ದು, ಚೈನ್ ರೂಲ್‌ನಲ್ಲಿ ಒಳಗಿನ ಡೆರಿವೇಟಿವ್ ಮರೆತದ್ದು, ಮೈನಸ್ ನುಂಗಿದ್ದು. ಆ ತಪ್ಪು ಉತ್ತರಗಳನ್ನೇ ಸ್ಟ್ಯಾಕ್ ಉತ್ತರ ಪರೀಕ್ಷಿಸುವ ದಾರಿಯಲ್ಲಿ ಒಂದೊಂದು ಕವಲಾಗಿ ಹಾಕಿ, ಒಂದೊಂದಕ್ಕೂ ಒಂದು ಸಾಲು ಬರೆದೆ. ಹುಡುಗನಿಗೆ "ತಪ್ಪು" ಅಂತ ಬರುವುದಿಲ್ಲ, "ಒಳಗಿನ 3x ಅನ್ನು ಡಿಫರೆನ್ಶಿಯೇಟ್ ಮಾಡಿದ್ಯಾ?" ಅಂತ ಬರುತ್ತದೆ. ಆ ಸೆಮಿಸ್ಟರ್ ಫೇಲಾದವರು ಎಂಟೋ ಒಂಬತ್ತೋ.

ಪ್ರೂಫ್ ಅನ್ನು ತಮ್ಮದೇ ಮಾತಿನಲ್ಲಿ ಬರೆಸಿ ನೋಡುವುದು ಮಾತ್ರ ಇದರಲ್ಲಿ ಆಗಲ್ಲ, ಅಷ್ಟರಮಟ್ಟಿಗೆ ಸ್ಟಾಫ್ ರೂಮಿನ ಆ ಹಿರಿಯ ಸರ್ ಹೇಳಿದ್ದು ಸರಿ. ಫೋಟೊ ತೆಗೆದರೆ ಲೆಕ್ಕ ಬಿಡಿಸುವ ಆ್ಯಪ್‌ಗಳು ಬಂದ ಮೇಲೆ "ಉದಾಹರಣೆ ಕೊಡಿ" ಅನ್ನುವ ಪ್ರಶ್ನೆ ಜಾಸ್ತಿ ಮಾಡಿದ್ದೇನೆ. x=1 ರಲ್ಲಿ ಡೆರಿವೇಟಿವ್ ಸೊನ್ನೆ, ಆದರೆ ಅಲ್ಲಿ ಮ್ಯಾಕ್ಸಿಮಮ್ಮೂ ಇಲ್ಲ, ಮಿನಿಮಮ್ಮೂ ಇಲ್ಲ, ಅಂಥ ಒಂದು ಪಾಲಿನಾಮಿಯಲ್ ಕೊಡಿ ಅಂತ ಒಂದು. ನಾನು f′(1)=0, f″(1)=0 ಅಷ್ಟೇ ಚೆಕ್ ಮಾಡಿದ್ದೆ. ಒಬ್ಬಳು ಹುಡುಗಿ ಮರುದಿನ ಬಂದು, "ಮೇಡಂ, ನಾನು (x−1)^4 ಬರೆದೆ, ಫುಲ್ ಮಾರ್ಕ್ಸ್ ಬಂತು, ಆದ್ರೆ ಅಲ್ಲಿ ಮಿನಿಮಮ್ ಇದೆ ಅಲ್ವಾ?" ಅಂದಳು. ಅಂಕ ಕಿತ್ತುಕೊಳ್ಳಲಿಲ್ಲ. ಅವಳ ಉತ್ತರಕ್ಕೂ ಒಂದು ಕವಲು ಸೇರಿಸಿದೆ.