ಮೇ ತಿಂಗಳ ಟೂರ್ನಮೆಂಟಿಗೆ ವೇಳಾಪಟ್ಟಿ ಬರೆಯುವ ಮುಂಚೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಸುಗ್ಗಿ ಅಂದರೆ ಏಪ್ರಿಲ್, ಮೇ. ಶಾಲೆಗೆ ರಜೆ, ಹೊಲ ಖಾಲಿ, ಬೆಂಗಳೂರಿಗೆ ದುಡಿಯಲು ಹೋದವರೂ ಜಾತ್ರೆ, ಮದುವೆ ಅಂತ ಊರಿಗೆ ಬಂದಿರುತ್ತಾರೆ. ಬಿಸಿಲು 40 ಡಿಗ್ರಿ ದಾಟುವುದೂ ಅದೇ ಹೊತ್ತಿಗೆ. ನಾಲ್ಕು ಕ್ಯಾನ್ ನೀರು, ಎರಡು ಡಬ್ಬಿ ಗ್ಲೂಕೋಸ್ ತಂದಿಟ್ಟರೆ ತಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವ ಸಂಘಟಕರೇ ಹೆಚ್ಚು. ಮಧ್ಯಾಹ್ನ 1 ಗಂಟೆಗೆ ಪಂದ್ಯ ಇಟ್ಟುಕೊಂಡು ಎಷ್ಟು ನೀರು ಕುಡಿಸಿದರೂ ಮೈ ತಣಿಯುವುದಿಲ್ಲ. ಮೊದಲು ಸರಿ ಮಾಡಬೇಕಾದದ್ದು ವೇಳಾಪಟ್ಟಿ.

16 ತಂಡ, ಸೋತವರು ಹೊರಗೆ ಅನ್ನುವ ಲೆಕ್ಕದಲ್ಲಿ ಒಟ್ಟು 15 ಪಂದ್ಯ. ಆರು ಓವರಿನ ಆಟವಾದರೆ ಎರಡೂ ಕಡೆ ಸೇರಿ 12 ಓವರ್. ಓವರಿಗೆ 4 ನಿಮಿಷದಂತೆ 48. ಚೆಂಡು ಹುಡುಕುವುದಕ್ಕೆ, ನೀರಿಗೆ, ಅಂಪೈರ್ ಜೊತೆ ಜಗಳಕ್ಕೆ ಇನ್ನು 12 ನಿಮಿಷ. ಅಲ್ಲಿಗೆ ಪಂದ್ಯಕ್ಕೆ ಒಂದು ತಾಸು. ಬೆಳಗ್ಗೆ 6, 7, 8ಕ್ಕೆ ಒಂದೊಂದು, ಸಂಜೆ 5:30ಕ್ಕೆ ಒಂದು ಇಟ್ಟರೆ ದಿನಕ್ಕೆ ನಾಲ್ಕು. ಮೊದಲ ಸುತ್ತಿನ 8 ಪಂದ್ಯ ಎರಡು ದಿನಕ್ಕೆ, ಕ್ವಾರ್ಟರ್ ಫೈನಲ್ ಮೂರನೇ ದಿನಕ್ಕೆ, ನಾಲ್ಕನೇ ದಿನ ಬೆಳಗ್ಗೆ ಎರಡು ಸೆಮಿಫೈನಲ್, ಸಂಜೆ ಫೈನಲ್. ಆ ದಿನ ಬೆಳಗ್ಗೆ ಒಂದು ತಾಸು ಉಳಿಯುತ್ತದೆ. ಅಡ್ಡಮಳೆಗೆ ನಿಂತ ಪಂದ್ಯ ಅಲ್ಲಿಗೆ ಹಾಕಿ. ಎರಡು ದಿನದಲ್ಲಿ ಮುಗಿಸುತ್ತೇವೆ ಅಂತ ಹೊರಟರೆ 11ರಿಂದ 4ರವರೆಗೆ ಆಡಿಸಲೇಬೇಕಾಗುತ್ತದೆ, ಕೆಡುವುದೇ ಅಲ್ಲಿ.

ಇದೇ ಪಟ್ಟಿಯನ್ನು ಡಿಸೆಂಬರಿಗೆ ಹಚ್ಚಬೇಡಿ. ಚಳಿಗಾಲದ ನಸುಕಿನಲ್ಲಿ ಹೊಗೆ, ದೂಳು ಮೇಲೇಳದೆ ನೆಲಕ್ಕೇ ಕೂತಿರುತ್ತದೆ. ಅದಿರು ಲಾರಿ ಓಡುವ ರಸ್ತೆ ಪಕ್ಕ, ಸ್ಪಂಜ್ ಐರನ್ ಕಾರ್ಖಾನೆ ಅಥವಾ ಅಕ್ಕಿ ಗಿರಣಿ ಹತ್ತಿರ ಇದು ಇನ್ನೂ ಜಾಸ್ತಿ. ಆಗ ಬಿಸಿಲೇರಿದ ಮೇಲೆ, 8:30ರ ನಂತರ ಶುರು ಮಾಡುವುದು ಒಳ್ಳೆಯದು.

ಬೆಂಗಳೂರಿನಿಂದ ನಿನ್ನೆ ಬಂದಿಳಿದ ಹುಡುಗನ ಮೈ ಇಲ್ಲಿನ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಊರಿನ ಒಳ್ಳೆ ಬೌಲರ್ ಅವನೇ ಇದ್ದರೂ ಮೊದಲ ಎರಡು ಮೂರು ದಿನ ಒಂದು ಓವರಿಗಿಂತ ಹೆಚ್ಚು ಕೊಡಬೇಡಿ. ಜ್ವರ, ಭೇದಿ ಇದ್ದವರು, ರಾತ್ರಿ ಕುಡಿದವರು ಆಡುವುದೇ ಬೇಡ. ಜೆರ್ಸಿಗೆ ಕಪ್ಪು, ಗಾಢ ನೀಲಿ ಬಿಟ್ಟು ತಿಳಿ ಬಣ್ಣ ಆರಿಸಿ.

ಬಯಲಿನ ಮಣ್ಣು ಯಾವುದು ಅಂತ ನೋಡಿಕೊಳ್ಳಿ. ಮಸಾರಿ ಅಂದರೆ ಕೆಂಪು ಮಣ್ಣು, ಇಲ್ಲವೇ ಗರಸು ನೆಲವಾದರೆ ದೂಳಿನ ಕಾಟ. ಹಿಂದಿನ ಸಂಜೆ 5,000 ಲೀಟರಿನ ಒಂದು ಟ್ಯಾಂಕರ್ ಸಾಕು: ಚದರ ಮೀಟರಿಗೆ 1 ಲೀಟರಿನಂತೆ ಪಿಚ್ಚಿನಿಂದ ಸುತ್ತ 40 ಮೀಟರ್‌ವರೆಗೆ ಸರಿಯಾಗಿ ಬರುತ್ತದೆ. ಬೆಳಗ್ಗೆ ಹೊಡೆದರೆ ನೀರು ಇಂಗದೆ ಜಾರುತ್ತದೆ. ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಾದರೆ ನೀರು ಹಾಕಲೇಬೇಡಿ, ಕಾಲಿಗೆ ಅಂಟು ಮೆತ್ತಿಕೊಳ್ಳುತ್ತದೆ. ಅಲ್ಲಿ ಅಪಾಯ ಬಿರುಕಿನದು. ಅಂಗೈ ಇಳಿಯುವಷ್ಟು ಅಗಲದ ಬಿರುಕಿಗೆ ಗರಸು ತುಂಬಿ ದಮ್ಮಸು ಮಾಡಿ, ಇಲ್ಲದಿದ್ದರೆ ಯಾರದೋ ಪಾದ ಉಳುಕುವುದು ಖಂಡಿತ. ದೂಳು ಏಳದಿರಲಿ ಅಂತ ಸುಟ್ಟ ಎಂಜಿನ್ ಆಯಿಲ್ ಚೆಲ್ಲಬಾರದು.

ಬೌಂಡರಿ ಗೆರೆಗೆ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್ ಬಳಸುವ ರೂಢಿ ಬಿಡಿ. ಡೈವ್ ಹೊಡೆದವನ ಕಣ್ಣಿಗೆ ಸುಣ್ಣ ಹೋದರೆ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು. ಗಿರಣಿಯ ಬೂದಿ, ದೂಳು, ಏನೇ ಬಿದ್ದರೂ ಉಜ್ಜದೆ ಶುದ್ಧ ನೀರು ಸುರಿಯುತ್ತ ತೊಳೆಯಬೇಕು. ಸುಣ್ಣವಾದರೆ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ. ಒಂದು ಚಿಟಿಕೆ ಮಣ್ಣು ಮೇಲಕ್ಕೆ ತೂರಿ ಗಾಳಿ ಯಾವ ಕಡೆಯಿಂದ ಅಂತ ನೋಡಿ, ನೋಡುವವರ ಹಂದರ ಆ ದಿಕ್ಕಿಗೇ ಹಾಕಿ, ಬೈಕುಗಳು ಎದುರಿನ ಕಡೆಗೆ. ಹಂದರಕ್ಕೆ ತಗಡು ಬೇಡ, ಮೇಲಿನಿಂದ ಒಲೆಯಂತೆ ಕಾಯುತ್ತದೆ. ತೆಂಗಿನ ಗರಿ ಅಥವಾ ಶೇಡ್ ನೆಟ್ ಇರಲಿ.

ನೀರಿನ ಲೆಕ್ಕ ಸುಲಭ. 20 ನಿಮಿಷಕ್ಕೆ ಒಬ್ಬರಿಗೆ ಒಂದು ಲೋಟ, ಅಂದರೆ 250 ಮಿಲಿ. 22 ಆಟಗಾರರು, 2 ಅಂಪೈರ್‌ಗಳಿಗೆ ತಾಸಿಗೆ 18 ಲೀಟರ್. ಪಂದ್ಯಕ್ಕೊಂದು 20 ಲೀಟರಿನ ಕ್ಯಾನ್. ನೋಡುವವರಿಗೆ ಅರವಟ್ಟಿಗೆ ಬೇರೆ ಇಡಿ, ನಲ್ಲಿ ಇರುವ ಗಡಿಗೆಯಲ್ಲಿ. ನೂರು ಕೈ ಅದ್ದಿದ ಚೊಂಬಿನಿಂದಲೇ ಊರಿಗೆ ವಾಂತಿಭೇದಿ ಹತ್ತುವುದು. ಬೋರ್‌ವೆಲ್ ನೀರು ಬೇಡ: ಕುಷ್ಟಗಿ, ಯಲಬುರ್ಗಾದಂಥ ಕಡೆ ಅದರಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದಿಂದಲೇ ತನ್ನಿ. ಗೆದ್ದವರಿಗೆ ಕೊಡುವ ಕಪ್ ಎಷ್ಟು ಎತ್ತರ ಅಂತ ಚರ್ಚೆ ಮಾಡುವ ಕಮಿಟಿ ಅದನ್ನು ಅರ್ಧ ಅಡಿ ಕಡಿಮೆ ಮಾಡಿದರೆ ಈ ಖರ್ಚು ಹೊರಬೀಳುತ್ತದೆ.

ಗ್ಲೂಕೋಸ್ ಬರೀ ಸಕ್ಕರೆ; ಬೆವರಿನಲ್ಲಿ ಹೋದ ಉಪ್ಪು ಅದರಿಂದ ಬರುವುದಿಲ್ಲ. 1 ಲೀಟರ್ ಮೊಸರಿಗೆ 4 ಲೀಟರ್ ನೀರು, 2 ಮಟ್ಟ ಟೀ ಚಮಚ ಉಪ್ಪು ಹಾಕಿ ಮಜ್ಜಿಗೆ ಕಡೆದರೆ ಅದಕ್ಕಿಂತ ಮೇಲು. ಸುಸ್ತಾದವರಿಗೆ ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಒಂದು ಲೋಟಕ್ಕೆ ಸುರಿದು ಕೊಡಬೇಡಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಫೀಲ್ಡರನ ಮೇಲೆ ಕಣ್ಣಿಡಿ. ಚೆಂಡು ಪಕ್ಕದಲ್ಲೇ ಹೋದರೂ ಸುಮ್ಮನೆ ನಿಂತವನನ್ನು ಬೈಯುವ ಮುಂಚೆ ಹೆಸರು ಹಿಡಿದು ಕೂಗಿ, ಸ್ಕೋರ್ ಎಷ್ಟು ಅಂತ ಕೇಳಿ. ಮಾತು ತೊದಲಿದರೆ, ಸಂಬಂಧ ಇಲ್ಲದ್ದು ಹೇಳಿದರೆ, ಹೆಜ್ಜೆ ತಡವರಿಸಿದರೆ ಅದು ಬಿಸಿಲಿನ ಹೊಡೆತವೇ ಅಂತ ತಿಳಿಯಿರಿ. ಮೈ ಒಣಗಿರಬೇಕೆಂದಿಲ್ಲ, ಆಡುತ್ತಿದ್ದವನು ಬೆವರುತ್ತಲೇ ಬೀಳಬಹುದು. ತಕ್ಷಣ ನೆರಳಿಗೆ ಎಳೆದು, ಅಂಗಿ, ಶೂ ಬಿಚ್ಚಿ, ಮೈಮೇಲೆ ಕೊಡಗಟ್ಟಲೆ ನೀರು ಸುರಿಯುತ್ತ ಗಾಳಿ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗಾಡಿಯಲ್ಲಿ ಒಯ್ಯುವಾಗಲೂ ನೀರು ಹಾಕುವುದು ನಿಲ್ಲಬಾರದು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಉಸಿರಿಗೆ ಸಿಕ್ಕುತ್ತದೆ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಪಂದ್ಯ ಮುಗಿದ ಮೇಲೆ ಎಲ್ಲರ ಕಾಲು ಕಾಲುವೆಯತ್ತ. ಸಿಮೆಂಟ್ ಇಳಿಜಾರು, ಮೇಲೆ ಪಾಚಿ; ಇಳಿಯುವುದು ಸಲೀಸು, ಹತ್ತುವಾಗ ಹಿಡಿಯಲು ಏನೂ ಸಿಗುವುದಿಲ್ಲ. ತೂಬು, ಸೈಫನ್ ಹತ್ತಿರವಂತೂ ಸೆಳೆತ ಜೋರು. ಬೇಡ ಅಂದರೂ ಕೆಲವರು ಹೋಗುತ್ತಾರೆ, ಹಾಗಾಗಿ 5 ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ 15 ಮೀಟರ್ ಹಗ್ಗ ಕಟ್ಟಿ, ಎಸೆಯಲು ತೂಕ ಬರಲೆಂದು ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿದು ದಂಡೆಯಲ್ಲಿಡಿ. ಮುಳುಗುವವನ ಹಿಂದೆ ಜಿಗಿಯುವ ಬದಲು ಅದನ್ನು ಎಸೆದು, ದಂಡೆಯಲ್ಲಿ ಮಲಗಿ ಎಳೆಯಿರಿ.

ಪ್ಲಾಸ್ಟಿಕ್ ಲೋಟ, ಎಳನೀರು ಚಿಪ್ಪನ್ನು ಅವತ್ತಿನ ಸಂಜೆಯೇ ಆರಿಸಿ ಚೀಲಕ್ಕೆ ತುಂಬಿ. ಒಂದು ಅಡ್ಡಮಳೆ ಬಿದ್ದು ಅವುಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.