ಮನೆಯ ಹಿರಿಯರ ನಾಡಿ ನೋಡುವುದು ಹೇಗೆ?

ನಮ್ಮ ದೊಡ್ಡಪ್ಪನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅವರಿಗೆ ಆಗ 72. ತೋಟದಲ್ಲಿ ಅಡಿಕೆ ಹೆಕ್ಕಿ ಗುಡ್ಡೆ ಹತ್ತಿ ಬರುವಾಗ ಸುಸ್ತಾಗುತ್ತದೆ, ಎದೆ ಡವಡವ ಅನ್ನುತ್ತದೆ ಅಂತ ಒಂದೆರಡು ಸಲ ಹೇಳಿದ್ದರು. "ಎಂತ ಇಲ್ಲ, ಗ್ಯಾಸ್" ಅಂತ ತಾವೇ ತೀರ್ಮಾನ ಮಾಡಿ ಜೀರಿಗೆ ಕಷಾಯ ಕುಡಿದರು. ನಾವೂ ಸುಮ್ಮನಾದೆವು. ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿತು. ಲೋಟ ಹೆಕ್ಕಲು ಬಗ್ಗಿದ ದೊಡ್ಡಮ್ಮ ತಲೆ ಎತ್ತಿ ನೋಡಿದರೆ, ಅವರ ಬಾಯಿ ಒಂದು ಬದಿಗೆ ವಾಲಿತ್ತು. ಹೃದಯದ ಬಡಿತ ತಾಳ ತಪ್ಪಿದೆ ಅಂತ ನಮಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಮೇಲೆ. ಅದಕ್ಕೂ ಮೊದಲು ನಮ್ಮಲ್ಲಿ ಒಬ್ಬರೂ ಅವರ ಕೈ ಹಿಡಿದು ನಾಡಿ ನೋಡಿರಲಿಲ್ಲ.

ಈ ತೊಂದರೆಗೆ ಡಾಕ್ಟರರು ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡಿಕೊಳ್ಳದೆ ಸುಮ್ನೆ ಅದುರುತ್ತಿರುತ್ತವೆ. ಆಗ ಎಡಗಡೆಯ ಕೋಣೆಗೆ ಅಂಟಿಕೊಂಡಿರುವ ಸಣ್ಣ ಚೀಲದಂಥ ಜಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಸ್ಟ್ರೋಕ್, ಅಂದರೆ ಪಾರ್ಶ್ವವಾಯು. ಹೀಗೆ ತಾಳ ತಪ್ಪಿದವರಿಗೆ ಸ್ಟ್ರೋಕ್ ಆಗುವ ಸಂಭವ ಸುಮಾರು 5 ಪಟ್ಟು ಜಾಸ್ತಿ. ಕೆಲವರಿಗೆ ಏದುಸಿರು, ತಲೆ ತಿರುಗುವುದು ಇರುತ್ತದೆ. ಎಷ್ಟೋ ಜನರಿಗೆ ಏನೂ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ 65 ದಾಟಿದವರಿದ್ದರೆ ಅವರಿಂದಲೇ ಶುರು ಮಾಡಿ. ಬಿಪಿ, ಶುಗರ್, ಥೈರಾಯ್ಡ್ ಇರುವವರನ್ನೂ ಬಿಡಬೇಡಿ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟಿದ್ದರೆ ಪ್ರಾಯ ಕಡಿಮೆ ಇದ್ದರೂ ನೋಡಬೇಕು.

ಒಂದು ನಿಮಿಷ, ಎರಡು ಬೆರಳು

ಮೊದಲು ಐದು ನಿಮಿಷ ಜಗಲಿಯಲ್ಲಿ ಸುಮ್ಮನೆ ಕೂರಿಸಿ. ಈಗಷ್ಟೇ ತೋಟದಿಂದ ಬಂದಿದ್ದರೆ, ಕಾಫಿ ಕುಡಿದಿದ್ದರೆ ಸ್ವಲ್ಪ ಹೊತ್ತು ತಡೆಯಿರಿ.

ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಇಡಿಸಿ. ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನಲ್ಲಿ, ನಿಮ್ಮ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳು ಬೇಡ. ಅದರಲ್ಲಿ ನಿಮ್ಮದೇ ನಾಡಿ ಬಡಿದು ಲೆಕ್ಕ ತಪ್ಪುತ್ತದೆ. ಜೋರಾಗಿ ಒತ್ತಿದರೆ ಬಡಿತ ಮಾಯವಾಗುತ್ತದೆ, ಹಗುರ ಕೈ ಸಾಕು.

ಸಿಕ್ಕಿದ ಕೂಡಲೇ ಎಣಿಸಲು ಹೋಗಬೇಡಿ. ಕಣ್ಣು ಮುಚ್ಚಿ ತಾಳ ಮಾತ್ರ ಗಮನಿಸಿ. ಒಂದೇ ಸಮನಾಗಿ ಬರುತ್ತಿದೆಯಾ? ಅಥವಾ ಮಳೆ ನಿಂತ ಮೇಲೆ ಹಂಚಿನ ತುದಿಯಿಂದ ನೀರು ತೊಟ್ಟಿಕ್ಕುವ ಹಾಗೆ, ಎರಡು ಒಟ್ಟಿಗೆ, ಆಮೇಲೆ ಒಂದು ತಡವಾಗಿ, ಮತ್ತೆ ಮೂರು ಬೇಗ ಬೇಗ, ಹೀಗೆ ಲೆಕ್ಕಕ್ಕೇ ಸಿಗದೆ ಬರುತ್ತಿದೆಯಾ? ಈ ಎರಡನೆಯದೇ ನಾವು ಹುಡುಕುತ್ತಿರುವುದು. ನಂತರ ಗಡಿಯಾರ ನೋಡಿ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ನಾಡಿಗೆ ಸರಿಯಾಗುವುದಿಲ್ಲ. ಸುಮ್ಮನೆ ಕೂತಿರುವಾಗ 60ರಿಂದ 100ರ ಒಳಗೆ ಇರಬೇಕು.

ಎಲ್ಲೋ ಒಂದು ಬಡಿತ ತಪ್ಪಿದರೆ ಗಾಬರಿ ಬೇಡ, ಅದು ಬಹಳ ಜನರಿಗೆ ಆಗುತ್ತದೆ. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಬಂದು ಹೋಗುತ್ತಾ ಇರಬಹುದು. ಹಾಗಾಗಿ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ಕೆಲವು ಬಿಪಿ ಮೆಷಿನ್‌ಗಳು ಬಡಿತ ಏರುಪೇರಾದಾಗ ಒಂದು ಗುರುತು ತೋರಿಸುತ್ತವೆ. ಮೆಷಿನ್ ಹಾಳಾಗಿದೆ ಅಂತ ಅದನ್ನು ಪಕ್ಕಕ್ಕಿಡಬೇಡಿ.

ತಾಳ ತಪ್ಪಿದ್ದರೆ

ಆ ಚೀಟಿ ಹಿಡಿದುಕೊಂಡು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೋ ನಿಮ್ಮ ಡಾಕ್ಟರ ಹತ್ತಿರಕ್ಕೋ ಹೋಗಿ ಇಸಿಜಿ ಕೇಳಿ. ಜೊತೆಗೆ ಎದೆನೋವು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಇದ್ದರೆ ಕಾಯುವುದೇ ಬೇಡ, ನೇರ ಆಸ್ಪತ್ರೆಗೆ. ಸಾಮಾನ್ಯ ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನಷ್ಟು ಬಡಿತ ಮಾತ್ರ. ಅದರಲ್ಲಿ ಸಿಗದಿದ್ದರೆ 24 ಗಂಟೆ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಅನ್ನುವ ಸಣ್ಣ ಇಸಿಜಿ ಮೆಷಿನ್ ಇದೆ.

ಪ್ರಾಯ, ಬಿಪಿ, ಶುಗರ್, ಹಿಂದೆ ಸ್ಟ್ರೋಕ್ ಆಗಿದೆಯಾ ಅಂತ ಲೆಕ್ಕ ಹಾಕಿ, ಬೇಕಾದವರಿಗೆ ಹೆಪ್ಪುಗಟ್ಟದ ಹಾಗೆ ಮದ್ದು ಕೊಡುತ್ತಾರೆ. ಆ ಕೆಲಸಕ್ಕೆ ಆಸ್ಪಿರಿನ್ ಸಾಲುವುದಿಲ್ಲ. ವಾರ್ಫರಿನ್ ಜಾತಿಯ ಮಾತ್ರೆಯಾದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬಾರದು. ಹರಿವೆ, ಬಸಳೆಯಂಥ ಸೊಪ್ಪು ತಿನ್ನಬಹುದು, ಆದರೆ ಈ ವಾರ ದಿನಾ, ಮುಂದಿನ ವಾರ ಇಲ್ಲವೇ ಇಲ್ಲ ಅಂತ ಆಗಬಾರದು. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಶಕ್ತಿ ತಗ್ಗಿಸುತ್ತದೆ. ಮೊಣಕಾಲು ನೋವಿಗೆ ಅಂಗಡಿಯಿಂದ ಮಾತ್ರೆ ತರುವ ಮೊದಲು, ನಾಟಿ ಮದ್ದು ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿ. ಮುಖ್ಯವಾಗಿ, "ಈಗ ಆರಾಮ ಇದ್ದೇನಲ್ಲ" ಅಂತ ಮಾತ್ರೆ ನಿಲ್ಲಿಸಲು ಬಿಡಬೇಡಿ. ಆರಾಮ ಇರುವಾಗಲೂ ಹೆಪ್ಪುಗಟ್ಟುವ ಅಪಾಯ ಇದ್ದೇ ಇರುತ್ತದೆ.

ಮುಖ, ಕೈ, ಮಾತು

ಆದರೂ ಸ್ಟ್ರೋಕ್ ಬಂದರೆ? ನಗಲು ಹೇಳಿ, ಬಾಯಿ ಸೊಟ್ಟಗಾಗುತ್ತದಾ ನೋಡಿ. ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಜಾರುತ್ತದಾ ನೋಡಿ. ಮಾತಾಡಿಸಿ. ದಿಢೀರಂತ ಕಣ್ಣು ಮಂಜಾಗುವುದು, ನಡೆಯುವಾಗ ವಾಲುವುದು ಕೂಡ ಲಕ್ಷಣವೇ.

ನಮ್ಮ ಕಾಸರಗೋಡಿನಲ್ಲಿ ಮಾತಿನ ಪರೀಕ್ಷೆಗೆ ಮನೆಯವರೇ ಬೇಕು. ತುಳು, ಹವ್ಯಕ, ಕೊಂಕಣಿ, ಕರಾಡ, ಮನೆಮನೆಗೂ ಬೇರೆ ಮಾತು. ಅಜ್ಜಿಯ ಮಾತು ತೊದಲುತ್ತಿದೆಯಾ ಅಥವಾ ಅವರು ಮಾತಾಡುವುದೇ ಹಾಗಾ ಅಂತ ಮಲಯಾಳಂ ಮಾತ್ರ ಗೊತ್ತಿರುವ ಡಾಕ್ಟರಿಗೆ ತಿಳಿಯುವುದು ಕಷ್ಟ, ಅಲ್ವಾ? "ಇವರು ಹೀಗೆ ಮಾತಾಡುವವರಲ್ಲ, ಇವತ್ತೇ ಹೀಗಾಗಿದೆ" ಅಂತ ನೀವೇ ಸ್ಪಷ್ಟವಾಗಿ ಹೇಳಬೇಕು.

ಕೂಡಲೇ 108ಕ್ಕೆ ಫೋನ್ ಮಾಡಿ. ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇದೆ, ಅದನ್ನು ಎಣಿಸುವುದು ಆ ಹೊತ್ತಿನಿಂದಲೇ. ಬಾಯಿಗೆ ನೀರು, ಕಷಾಯ, ಮಾತ್ರೆ ಯಾವುದೂ ಬೇಡ. ನುಂಗಲು ಆಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಕೂಡ ಕೊಡಬಾರದು. ಇದು ಹೆಪ್ಪಾ, ಮಿದುಳಿನೊಳಗಿನ ರಕ್ತಸ್ರಾವವಾ ಅಂತ ಸ್ಕ್ಯಾನ್ ಮಾಡದೆ ಯಾರಿಗೂ ಹೇಳಲಾಗದು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು.

ಕಾಸರಗೋಡು ಪೇಟೆಯಿಂದ ಮಂಗಳೂರಿಗೇ ಸುಮಾರು 50 ಕಿಲೋಮೀಟರ್. ಒಳಗಿನ ಊರುಗಳಿಂದ ಇನ್ನೂ ದೂರ. ಆದ್ದರಿಂದ ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಸ್ಟ್ರೋಕ್ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ. ಅದರ ಫೋನ್ ನಂಬರ್, ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಒಂದು ಕಾಗದದಲ್ಲಿ ಬರೆದು ಕ್ಯಾಲೆಂಡರಿಗೆ ಪಿನ್ ಮಾಡಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದರ ಕೆಳಗೆ ಕೆಂಪು ಗೆರೆ ಎಳೆಯಿರಿ. ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರರು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.