ಫ್ರೀ ಗೇಮ್‌ನಲ್ಲಿ ಏನು ಮಾರಬಹುದು, ಯಾರದ್ದನ್ನು ಮಾರಬಹುದು

ಮಾನ್‌ಸ್ಟರ್‌ಗಳನ್ನು ಸಾಕಿ ಕಾದಾಡಿಸುವ ಮೊಬೈಲ್ ಗೇಮ್ ಮಾಡುತ್ತಿದ್ದೇವೆ ಅಂದರೆ ಸಾಕು, ಎರಡು ಪ್ರಶ್ನೆ ಗ್ಯಾರಂಟಿ. "ಪೊಕೆಮಾನ್ ಥರಾನಾ?" ಅನ್ನೋದು ಮೊದಲನೆಯದು. "ಫ್ರೀ ಅಂತೀರಿ, ದುಡ್ಡು ಎಲ್ಲಿಂದ ಬರುತ್ತೆ?" ಅನ್ನೋದು ಎರಡನೆಯದು. ಬೆಂಗಳೂರಿನಲ್ಲಿ ನಾವು ಮೂರು ಜನ ಸೇರಿ ಮಾಡಿದ ಗೇಮ್ ಇದು. ಕೋಡ್ ಮತ್ತು ವ್ಯವಹಾರ ಎರಡೂ ನನ್ನ ಪಾಲಿಗೆ ಬಂದವು. ಈ ಎರಡು ಪ್ರಶ್ನೆಗಳು ಬೇರೆಬೇರೆ ಅಲ್ಲ ಅಂತ ಕೆಲಸ ಮಾಡುತ್ತಾ ಗೊತ್ತಾಯಿತು. ಫ್ರೀ ಗೇಮ್‌ನಲ್ಲಿ ನಾವು ಗೇಮನ್ನು ಮಾರುವುದಿಲ್ಲ. ಒಳಗಿನ ಒಂದೊಂದು ಚೂರನ್ನು ಬಿಡಿಬಿಡಿಯಾಗಿ ಮಾರುತ್ತೇವೆ. ಆ ಒಂದೊಂದು ಚೂರನ್ನೂ ಮಾರುವ ಹಕ್ಕು ನಮ್ಮ ಕೈಯಲ್ಲಿರಬೇಕು.

ಪೊಕೆಮಾನ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. "ದುಡ್ಡು ತಗೊಳ್ಳದಿದ್ರೆ ಬೇರೆಯವರ ಕ್ಯಾರೆಕ್ಟರ್ ಹಾಕಬಹುದು ಅಲ್ವಾ?" ಅಂತ ಕೇಳುವವರು ತುಂಬಾ ಜನ ಇದ್ದಾರೆ. ಅವರಿಗೆ ನಾನು 'ಪೊಕೆಮಾನ್ ಯುರೇನಿಯಂ' ಕಥೆ ಹೇಳುತ್ತೇನೆ. ಅಭಿಮಾನಿಗಳು ಸುಮಾರು ಒಂಬತ್ತು ವರ್ಷ ಕೂತು ಮಾಡಿದ ಗೇಮ್ ಅದು. 2016ರ ಆಗಸ್ಟ್‌ನಲ್ಲಿ ಪೂರ್ತಿ ಉಚಿತವಾಗಿ ಬಿಟ್ಟರು. ಡೌನ್‌ಲೋಡ್ 15 ಲಕ್ಷ ದಾಟಿತು. ಅಷ್ಟರಲ್ಲಿ ಪೊಕೆಮಾನ್ ಗೇಮ್‌ಗಳನ್ನು ತರುವ ಜಪಾನಿನ ನಿಂಟೆಂಡೊ ಕಡೆಯ ವಕೀಲರಿಂದ ನೋಟಿಸ್ ಬಂತು, ಮಾಡಿದವರೇ ಲಿಂಕ್ ತೆಗೆದರು. ಉಚಿತ ಅನ್ನುವುದು ಅಲ್ಲಿ ರಕ್ಷಣೆಗೆ ಬರಲಿಲ್ಲ.

ಹಾಗಂತ ಬೆಂಕಿಯ ಮಾನ್‌ಸ್ಟರನ್ನು ನೀರಿನದು ಸೋಲಿಸುತ್ತೆ, ನೀರಿನದನ್ನು ಗಿಡದ್ದು ಸೋಲಿಸುತ್ತೆ ಅನ್ನುವಂಥ ಆಟದ ನಿಯಮ ಯಾರಪ್ಪನ ಸ್ವತ್ತೂ ಅಲ್ಲ. ಕಾಪಿರೈಟ್ ಇರುವುದು ಚಿತ್ರಕ್ಕೆ, ಸಂಗೀತಕ್ಕೆ, ಬರಹಕ್ಕೆ, ಕೋಡ್‌ಗೆ. ಐಡಿಯಾಗೆ ಇಲ್ಲ. ತಲೆನೋವು ಇರುವುದು ಪೇಟೆಂಟ್‌ನಲ್ಲಿ. 2024ರ ಜನವರಿಯಲ್ಲಿ 'ಪಾಲ್‌ವರ್ಲ್ಡ್' ಅನ್ನುವ ಮಾನ್‌ಸ್ಟರ್ ಗೇಮ್ ಬಂದಾಗ ಎಲ್ಲರೂ "ಇದು ಪೊಕೆಮಾನ್ ಚಿತ್ರಗಳ ನಕಲು" ಅಂತ ಮಾತಾಡಿಕೊಂಡರು. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ಮತ್ತು ಪೊಕೆಮಾನ್ ಕಂಪನಿ ಟೋಕಿಯೊದಲ್ಲಿ ಹಾಕಿದ ಕೇಸು ಪೇಟೆಂಟ್ ಮೇಲೆ. ಆಮೇಲೆ ಪಾಲ್‌ವರ್ಲ್ಡ್‌ನವರು ಗೋಲ ಎಸೆದು ಮಾನ್‌ಸ್ಟರ್ ಕರೆಸುವ ರೀತಿಯನ್ನೇ ಬದಲಾಯಿಸಿದರು.

ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಭಾರತದಲ್ಲಿ ಪೇಟೆಂಟ್ ಸಿಗುವುದಿಲ್ಲ. ಅದನ್ನು ನಂಬಿ ಆರಾಮಾಗಿ ಇರಬಹುದಿತ್ತು. ಆದರೆ ಪ್ಲೇ ಸ್ಟೋರ್‌ಗೆ ಹಾಕಿದ ಗೇಮ್ ಜಪಾನ್, ಅಮೆರಿಕದಲ್ಲೂ ಮಾರಾಟಕ್ಕೆ ಹೋಗುತ್ತದೆ, ಅಲ್ಲಿನ ಪೇಟೆಂಟ್ ಅಲ್ಲಿ ನಡೆಯುತ್ತದೆ. ಅದಕ್ಕೇ ನಾವು ಎಸೆದು ಹಿಡಿಯುವ ದಾರಿಗೇ ಹೋಗಲಿಲ್ಲ. ನಮ್ಮಲ್ಲಿ ಮಾನ್‌ಸ್ಟರ್ ಹಿಡಿಯುವುದಿಲ್ಲ, ಊಟ ಹಾಕಿ ಒಲಿಸಿಕೊಳ್ಳುವುದು. ಒಂದೊಂದಕ್ಕೂ ಒಂದೊಂದು ತಿಂಡಿ ಇಷ್ಟ. ವಕೀಲರ ಭಯಕ್ಕೆ ಹುಟ್ಟಿದ ಐಡಿಯಾ ಇದು. ಈಗ ಆಡುವವರು ಮೊದಲು ಹೊಗಳುವುದೇ ಇದನ್ನು.

ಮಾನ್‌ಸ್ಟರ್‌ಗಳ ಮೂಲ ಪಶ್ಚಿಮ ಘಟ್ಟದ ಪ್ರಾಣಿಗಳು: ಚಿಪ್ಪುಹಂದಿ, ಕಾಡುಪಾಪ, ಮಂಗಟ್ಟೆ, ಸಿಂಗಳೀಕ. ಕರಾವಳಿಯ ಗೆಳೆಯನೊಬ್ಬ ಪಂಜುರ್ಲಿಯನ್ನೂ ಗುಳಿಗನನ್ನೂ ಹಾಕಿ, ಸೂಪರ್ ಹಿಟ್ ಆಗುತ್ತೆ ಅಂದ. ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಆದರೂ ಜನ ಕೈಮುಗಿಯುವ ದೈವವನ್ನು ₹99ಕ್ಕೆ ಅಂಗಡಿಯಲ್ಲಿ ಇಡುವುದು ನನಗೆ ಸರಿ ಕಾಣಲಿಲ್ಲ. ಮಾರುವ ಹಕ್ಕು ಕಾಗದದ ಮೇಲೆ ಇದ್ದರೆ ಮಾತ್ರ ಸಾಲದು, ಅಲ್ವಾ?

ಇನ್ನು ದುಡ್ಡು. ಈ ಬಗೆಯ ಗೇಮ್‌ಗಳ ಅಂಗಡಿ ಹೇಗಿರುತ್ತದೆ ಅಂತ ತಿಳಿಯಲು 2012ರಲ್ಲಿ ಜಪಾನಿನ ಗುಂಗ್‌ಹೋ ತಂದ 'ಪಜಲ್ ಅಂಡ್ ಡ್ರಾಗನ್ಸ್' ನೋಡಿದರೆ ಸಾಕು. ಅದರಲ್ಲಿ ಮ್ಯಾಜಿಕ್ ಸ್ಟೋನ್ ಅಂತ ಒಂದು ನಾಣ್ಯ. ಶಕ್ತಿ ಖಾಲಿಯಾದರೆ ಒಂದು ಕಲ್ಲು, ಸೋತ ಜಾಗದಿಂದಲೇ ಮುಂದುವರಿಯಲು ಒಂದು ಕಲ್ಲು, ಮಾನ್‌ಸ್ಟರ್ ಇಡಲು ಜಾಗ ಬೇಕಾದರೆ ಒಂದು ಕಲ್ಲು. ಇದೆಲ್ಲದರ ಮೇಲೆ ಗಾಚಾ, ಅಂದರೆ ಕಲ್ಲು ಹಾಕಿದರೆ ಯಾವ ಮಾನ್‌ಸ್ಟರ್ ಬರುತ್ತದೋ ಅದು ನಿಮ್ಮ ಹಣೆಬರಹ. ಆಮೇಲೆ ಬಂದ ಬಹಳಷ್ಟು ಗೇಮ್‌ಗಳು ಹೆಚ್ಚುಕಡಿಮೆ ಇದೇ ಅಂಗಡಿಗೆ ಬೇರೆ ಬಣ್ಣ ಬಳಿದವು.

ಗಾಚಾ ಬೇಡ ಅಂತ ನಾನು ತೀರ್ಮಾನಿಸಿದ್ದು ಒಂದು ಸಣ್ಣ ಲೆಕ್ಕ ಹಾಕಿದ ಮೇಲೆ. ಒಂದು ಅಪರೂಪದ ಮಾನ್‌ಸ್ಟರ್ ಬರುವ ಸಾಧ್ಯತೆ 1% ಅಂತಿಟ್ಟುಕೊಳ್ಳಿ. ನೂರು ಸಲ ಎಳೆದರೆ ಒಂದಾದರೂ ಬಂದೇ ಬರುತ್ತದೆ ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತಾರೆ. ಒಂದು ಸಲ ಸಿಗದಿರುವ ಸಾಧ್ಯತೆ 0.99. ಅದನ್ನು ಅದರಿಂದಲೇ ನೂರು ಸಲ ಗುಣಿಸಿದರೆ 0.366 ಬರುತ್ತದೆ. ಅಂದರೆ ನೂರು ಸಲ ದುಡ್ಡು ಕೊಟ್ಟ ನೂರು ಜನರಲ್ಲಿ ಸುಮಾರು 37 ಜನರಿಗೆ ಕೈಗೆ ಚಿಪ್ಪು. ಆ 37 ಜನರಲ್ಲಿ ಒಬ್ಬ ಅಪ್ಪನ ಫೋನ್ ಹಿಡಿದ ಹುಡುಗ ಆಗಿದ್ದರೆ? ಇಷ್ಟು ಸಲ ಎಳೆದ ಮೇಲೆ ಖಚಿತವಾಗಿ ಕೊಡುತ್ತೇವೆ ಅನ್ನುವ 'ಪಿಟಿ' ವ್ಯವಸ್ಥೆ ಇಡುವವರಿದ್ದಾರೆ. ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಅನ್ನುವ ನಿಯಮವನ್ನು ಆಪಲ್ 2017ರ ಕೊನೆಯಲ್ಲಿ ತಂದಿತು, ಗೂಗಲ್ 2019ರಲ್ಲಿ. ಜಪಾನ್ 2012ರಲ್ಲೇ 'ಕಂಪ್ಲೀಟ್ ಗಾಚಾ'ವನ್ನು ನಿಲ್ಲಿಸಿತು. ಗಾಚಾದಲ್ಲಿ ಸಿಕ್ಕ ಬಿಡಿ ಕಾರ್ಡ್‌ಗಳ ಇಡೀ ಸೆಟ್ ಕೂಡಿಸಿದರೆ ಮಾತ್ರ ದೊಡ್ಡ ಬಹುಮಾನ ಅನ್ನುವ ಪದ್ಧತಿ ಅದು. ಬೆಲ್ಜಿಯಂ 2018ರಲ್ಲಿ ದುಡ್ಡಿನ ಲೂಟ್ ಬಾಕ್ಸನ್ನು (ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ) ಜೂಜು ಅಂತಲೇ ಹೇಳಿತು. ಮೂರು ಜನರ ಅಂಗಡಿ ಇಷ್ಟು ದೇಶಗಳ ನಿಯಮದ ಹಿಂದೆ ಓಡಲು ಆಗುವುದಿಲ್ಲ.

ಹಾಗಾದರೆ ನಾವು ಏನು ಮಾರುತ್ತೇವೆ? ಮಾನ್‌ಸ್ಟರ್‌ಗಳಿಗೆ ವೇಷ, ಕಾದಾಟಕ್ಕೆ ಹೊಸ ಅಂಗಳಗಳು, ಎರಡು ತಿಂಗಳಿಗೊಮ್ಮೆ ಒಂದು ಸೀಸನ್ ಪಾಸ್, ಮತ್ತೆ ಮಾನ್‌ಸ್ಟರ್ ಇಟ್ಟುಕೊಳ್ಳಲು ಜಾಸ್ತಿ ಜಾಗ. ಯಾವುದರಿಂದಲೂ ಕಾದಾಟದಲ್ಲಿ ಬಲ ಹೆಚ್ಚುವುದಿಲ್ಲ. ಜಾಗ ಮಾರುವುದನ್ನು ನಾನು 'ಪೊಕೆಮಾನ್ ಗೋ' ನೋಡಿ ಕಲಿತೆ. ಅಲ್ಲಿ ಜಿಮ್, ಅಂದರೆ ಗೇಮ್ ಒಳಗಿನ ಕಾದಾಟದ ಠಾಣೆ, ಕಾಯ್ದರೆ ದಿನಕ್ಕೆ 50 ನಾಣ್ಯದವರೆಗೆ ಪುಕ್ಕಟೆ ಸಿಗುತ್ತದೆ. ಕೂಡಿಸಿಟ್ಟರೆ ದುಡ್ಡು ಕೊಡದೆಯೂ ಜಾಗ ಕೊಳ್ಳಬಹುದು, ಅವಸರ ಇರುವವರು ದುಡ್ಡು ಕೊಡುತ್ತಾರೆ. ಬಹಳ ದಿನ ಆಡಿ ಪ್ರೀತಿ ಬೆಳೆದವರಿಗೆ ಮಾತ್ರ ಜಾಗ ಸಾಲದಾಗುವುದು. ಅಂಥವರ ಹತ್ತಿರ ದುಡ್ಡು ಕೇಳಲು ನನಗೆ ಸಂಕೋಚ ಇಲ್ಲ.

ಬೆಲೆ ಇಡುವಾಗ ಕೈಗೆ ಬರುವುದೆಷ್ಟು ಅಂತ ನೋಡಿಕೊಳ್ಳಬೇಕು. ₹118ರ ಪ್ಯಾಕ್‌ನಲ್ಲಿ ₹18 ಜಿಎಸ್‌ಟಿ. ಉಳಿದ ನೂರರಲ್ಲಿ ಹೆಚ್ಚುಕಡಿಮೆ ₹15 ಸ್ಟೋರ್‌ಗೆ. ಮೊದಲು ಇದು 30% ಇತ್ತು. 2021ರಲ್ಲಿ ಆಪಲ್ ಮತ್ತು ಗೂಗಲ್ ಇಬ್ಬರೂ ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಗಳಿಸುವ ಚಿಕ್ಕವರಿಗೆ 15%ಗೆ ಇಳಿಸಿದರು. ಮಿಕ್ಕ ತೆರಿಗೆ ಲೆಕ್ಕವನ್ನು ಸಿಎ ಮೇಲೆ ಬಿಟ್ಟು ನಾನು ಹಾಯಾಗಿದ್ದೇನೆ.

ಜಾಹೀರಾತು ಒಂದೇ ಬಗೆಯದು ಇಟ್ಟೆವು: ಬೇಕಾದವರು ನೋಡಿ ಒಂದು ತಿಂಡಿ ಪಡೆಯುವುದು. ಇಂಥ ಗೇಮ್‌ಗೆ ಮಕ್ಕಳು ಬಂದೇ ಬರುತ್ತಾರೆ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರನ್ನು ಗುರಿ ಮಾಡಿ ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಯಾರ ಹಿಂದೆಯೂ ಬೀಳದ ಜಾಹೀರಾತನ್ನೇ ಆರಿಸಿಕೊಂಡೆವು. ಅದರಿಂದ ಬರುವ ದುಡ್ಡು ಕಮ್ಮಿ. ಎಂಟ್ರಿ ಫೀಸ್ ತಗೊಂಡು ನಗದು ಬಹುಮಾನದ ಟೂರ್ನಮೆಂಟ್ ಮಾಡಿ ಅಂತ ಸಲಹೆ ಕೊಡುವವರು ಈಗಲೂ ಇದ್ದಾರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಆ ಮಾತು ಮುಗಿಯಿತು. ಇ-ಸ್ಪೋರ್ಟ್ಸ್ ಅಂತ ಮಾನ್ಯತೆ ಪಡೆದ ಸ್ಪರ್ಧೆ ಬಿಟ್ಟರೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಕ್ಕೆ ಅಲ್ಲಿ ಜಾಗವೇ ಇಲ್ಲ.

ಲೈಸೆನ್ಸ್ ವಿಷಯದಲ್ಲಿ ನಾನು ಮೊದಲು ನೋಡಿದ್ದು ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಅನ್ನುವ ಎಂಜಿನ್‌ನವರು, ಒಂದು ಮಿತಿ ದಾಟಿದ ಮೇಲೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂದರು. ದುಡ್ಡು ಕೊಟ್ಟು ಕೊಳ್ಳುವ ಗೇಮ್‌ಗೆ ಇದು ಹೇಗೋ ತಡೆದೀತು. ಫ್ರೀ ಗೇಮ್‌ನಲ್ಲಿ ಇನ್‌ಸ್ಟಾಲ್ ಮಾಡುವವರು ಸಾವಿರಾರು, ದುಡ್ಡು ಬಿಚ್ಚುವವರು ಬೆರಳೆಣಿಕೆ. ಗಲಾಟೆ ಜೋರಾಗಿ, ವರ್ಷದ ನಂತರ ಅವರೇ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ನಾವು ಗೋಡೊ ಅನ್ನುವ ಇನ್ನೊಂದು ಎಂಜಿನ್ ಹಿಡಿದಿದ್ದೆವು. ಅದು ಎಂಐಟಿ ಲೈಸೆನ್ಸ್‌ನಲ್ಲಿದೆ, ಪುಕ್ಕಟೆ ಬಳಸಬಹುದು. ಕ್ರೆಡಿಟ್ಸ್‌ನಲ್ಲಿ ಅವರ ಕಾಪಿರೈಟ್ ಸೂಚನೆ ಮತ್ತು ಲೈಸೆನ್ಸ್ ಬರಹ ಹಾಕಬೇಕು, ಅಷ್ಟೇ. ಕನ್ನಡ ಅಕ್ಷರಕ್ಕೆ ಬಾಲೂ ತಮ್ಮ ಮತ್ತು ನೋಟೊ ಸಾನ್ಸ್ ಕನ್ನಡ. ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಗೇಮ್ ಒಳಗೆ ಸೇರಿಸಿ ಮಾರಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ಸದ್ದುಗಳನ್ನು ಆರಿಸುವಾಗ ಕ್ರಿಯೇಟಿವ್ ಕಾಮನ್ಸ್ (ಮಾಡಿದವರು ಷರತ್ತು ಹಾಕಿ ಉಚಿತವಾಗಿ ಬಳಸಲು ಬಿಡುವ ಲೈಸೆನ್ಸ್) ಅಂತ ಕಂಡರೆ ಸುಮ್ನೆ ಇಳಿಸಿಕೊಳ್ಳಬೇಡಿ, ಎನ್‌ಸಿ ಅನ್ನುವ ಎರಡು ಅಕ್ಷರ ಇದೆಯಾ ನೋಡಿ. ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಗೇಮ್ ಫ್ರೀ ಆಗಿದ್ದರೂ ಒಳಗೆ ಅಂಗಡಿ ಇದೆಯಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರ. ಮಾನ್‌ಸ್ಟರ್ ಚಿತ್ರಗಳನ್ನು ಬರೆದುಕೊಟ್ಟವರು ಶಿರಸಿ ಕಡೆಯವರು, ಫ್ರೀಲ್ಯಾನ್ಸರ್. ಕರಾರಿನ ಕಾಗದ ಕಳಿಸಿದಾಗ ಫೋನ್ ಮಾಡಿದರು. "ಸರ್, ಪೇಮೆಂಟ್ ಬಂತಲ್ಲ, ಮತ್ತೆ ಇದಕ್ಕೆ ಸೈನ್ ಯಾಕೆ?" ಫ್ರೀಲ್ಯಾನ್ಸರ್ ಕೆಲಸಕ್ಕೆ ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ನಮಗೆ ಬಂತು ಅಂತ ನಂಬಿ ಕೂರುವಂತಿಲ್ಲ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 19 ಓದಿ ನೋಡಿ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ಥರ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಮುಂದಿನ ಸೀಸನ್‌ಗೆ ಅಂತ ಎತ್ತಿಟ್ಟ ಮಾನ್‌ಸ್ಟರ್‌ಗಳಿಗೆ ಈ ಕೊನೆಯ ಸಾಲು ತುಂಬಾ ಮುಖ್ಯ.

ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅವರೂ ತಮ್ಮ ಬೇಡಿಕೆ ಇಟ್ಟರು, ಅದು ನ್ಯಾಯವಾದದ್ದೇ. ಗೇಮ್ ಮತ್ತು ಅದರ ಜಾಹೀರಾತಿಗೆ ಹಕ್ಕು ನಮ್ಮದು, ಇಡೀ ಜಗತ್ತಿಗೆ, ಪೂರ್ತಿ ಅವಧಿಗೆ. ತಮ್ಮ ಪೋರ್ಟ್‌ಫೋಲಿಯೊದಲ್ಲಿ ಅವರು ಹಾಕಿಕೊಳ್ಳಬಹುದು. ಟೀ ಶರ್ಟ್, ಸ್ಟಿಕರ್, ಬೊಂಬೆ ಏನೇ ಬಂದರೂ ನಮಗೆ ಬರುವುದರಲ್ಲಿ ಅವರಿಗೂ ಪಾಲು. ಚಂಡೆ ಬಾರಿಸಿಕೊಟ್ಟ ಹೊನ್ನಾವರದ ಕಲಾವಿದರ ಹತ್ತಿರವೂ ಹೀಗೇ ಕಾಗದ ಮಾಡಿಸಿದೆವು.

ಹೆಸರು ಮತ್ತು ಲೋಗೊಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದು ಬೇರೆ ಕೆಲಸ. ಅಲ್ಲಿ ವಸ್ತು, ಸೇವೆಗಳನ್ನು ಬಗೆಬಗೆಯ ಕ್ಲಾಸ್ ಆಗಿ ವಿಂಗಡಿಸಿರುತ್ತಾರೆ: ಸಾಫ್ಟ್‌ವೇರ್‌ಗೆ ಕ್ಲಾಸ್ 9, ಮನರಂಜನೆಗೆ 41, ಬೊಂಬೆಗಳಿಗೆ 28, ನೋಟ್‌ಬುಕ್ ಇತ್ಯಾದಿಗೆ 16. ಸ್ಟಾರ್ಟಪ್‌ಗಳಿಗೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸ್‌ಗೆ ₹4,500. ಈ 16 ಯಾಕೆ ಸುಮ್ನೆ ಖರ್ಚು ಅಂತ ನಮ್ಮಲ್ಲೇ ಒಬ್ಬರು ಗೊಣಗಿದ್ದರು. ಆಮೇಲೆ ನೋಟ್‌ಬುಕ್ ಮಾಡುವ ಒಬ್ಬರು ಚಿಪ್ಪುಹಂದಿ ಚಿತ್ರ ಕೇಳಿಕೊಂಡು ಬಂದರು. ಅವರು ತಂದ ಕಾಗದದಲ್ಲಿ ಎಲ್ಲ ವಸ್ತುಗಳಿಗೂ ಎಲ್ಲ ಕಾಲಕ್ಕೂ ಹಕ್ಕು ತಮಗೆ ಅಂತ ಇತ್ತು, ಒಂದೇ ಸಲ ಕೊಡುವ ಮೊತ್ತಕ್ಕೆ. ಅದನ್ನು ವಾಪಸ್ ಕೊಟ್ಟು ನಮ್ಮದೊಂದು ಬರೆದೆವು. ವರ್ಗಾವಣೆ ಅಲ್ಲ, ಲೈಸೆನ್ಸ್ ಮಾತ್ರ. ನೋಟ್‌ಬುಕ್ ಮಾತ್ರ, ಎರಡು ವರ್ಷ, ಕರ್ನಾಟಕದಲ್ಲಿ. ಮಾರಾಟ ಆಗಲಿ ಬಿಡಲಿ ಒಂದು ಮಿನಿಮಮ್ ಗ್ಯಾರಂಟಿ, ಅದರ ಮೇಲೆ ಒಂದೊಂದು ನೋಟ್‌ಬುಕ್‌ಗೂ ರಾಯಲ್ಟಿ. ಅಚ್ಚಿಗೆ ಹೋಗುವ ಮೊದಲು ಬಣ್ಣ ನಮಗೆ ತೋರಿಸಬೇಕು. ಸ್ವಲ್ಪ ಚೌಕಾಸಿ ನಡೆದು ಒಪ್ಪಿದರು. ಈಗ ನೀರಿನ ಬಾಟಲಿಗೂ ಅದೇ ಚಿತ್ರ ಬೇಕಂತೆ. ಅದು ಕ್ಲಾಸ್ 21, ಇನ್ನೊಂದು ಅರ್ಜಿ ಹಾಕಬೇಕು.